12,000 ಮೀಟರ್‌ಗೆ ಯಾವ ಎಂಕ್ಯೂಟಿಟಿ ಬ್ರೋಕರ್? ಮೂರನ್ನು ಹೋಲಿಸಿದೆ, ಮೂರೂ ಒಂದೇ ಕಡೆ ನಿಂತವು

ಮೀಟರ್‌ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾವು 12,000 ನೀರಿನ ಮೀಟರ್‌ಗಳನ್ನು ನೋಡಿಕೊಳ್ಳುತ್ತೇವೆ. ಅವು ಎಂಕ್ಯೂಟಿಟಿ ಅನ್ನುವ ಹಗುರ ಮೆಸೇಜ್ ಪ್ರೋಟೋಕಾಲ್ ಬಳಸುತ್ತವೆ; ಮೆಸೇಜ್ ಪಡೆದು ಬೇಕಾದವರಿಗೆ ಹಂಚುವ ಸರ್ವರೇ ಬ್ರೋಕರ್. ಪ್ರತಿಯೊಂದೂ 5 ನಿಮಿಷಕ್ಕೊಂದು ರೀಡಿಂಗ್ ಕಳಿಸುತ್ತದೆ. ಸಣ್ಣ ಮೆಸೇಜು, 200 ಬೈಟ್ ಆಸುಪಾಸು, ಕ್ಯೂಓಎಸ್ 1 (ತಲುಪಿತು ಅನ್ನುವ ಉತ್ತರ ಬರಲೇಬೇಕಾದ ಮಟ್ಟ). ಈಗ ಇರುವುದು ಒಂದೇ ಮಸ್ಕಿಟೊ ಬ್ರೋಕರ್, 8 ಕೋರ್ ಇರುವ ಮಷೀನ್ ಮೇಲೆ. ಬ್ರೋಕರ್‌ನಿಂದ ರೀಡಿಂಗ್ ತೆಗೆದುಕೊಂಡು ಡೇಟಾಬೇಸಿಗೆ ಬರೆಯುವುದೂ ಒಂದೇ ಸರ್ವಿಸ್. ಅದು ಬೇರೆ ಡೇಟಾ ಸೆಂಟರ್‌ನಲ್ಲಿದೆ.

ತೊಂದರೆ ಇದು: ರೀಡಿಂಗ್‌ಗಳು ಕಾಣೆಯಾಗುತ್ತಿವೆ. ಎಲ್ಲ ಮೀಟರ್‌ನದೂ ಅಲ್ಲ, ಪ್ರತಿ ಸಲ ಅದೇ ಮೀಟರ್‌ನದೂ ಅಲ್ಲ. ಮೀಟರ್ ಲಾಗ್ ತೆಗೆದು ನೋಡಿದರೆ ಕಳಿಸಿದ್ದೂ ಇದೆ, ಪಬ್‌ಆಕ್ (ಮೆಸೇಜ್ ಸಿಕ್ಕಿತು ಅನ್ನುವ ಉತ್ತರ) ಬಂದಿದ್ದೂ ಇದೆ. ಡೇಟಾಬೇಸಲ್ಲಿ ಮಾತ್ರ ಆ ಸಾಲೇ ಇಲ್ಲ.

ಟೀಮಿನಲ್ಲಿ ಎಲ್ಲರೂ ಹೇಳುವುದು ಒಂದೇ. ಮಸ್ಕಿಟೊ ಒಂದೇ ಥ್ರೆಡ್ಡಿನಲ್ಲಿ ಓಡುತ್ತೆ, ಇಷ್ಟು ಮೀಟರ್ ಅದಕ್ಕೆ ತಾಳಲ್ಲ, ವೇಗದ ಬ್ರೋಕರ್‌ಗೆ ಹೋಗೋಣ. ಅದಕ್ಕೇ ಮಸ್ಕಿಟೊ, ಇಎಂಕ್ಯೂಎಕ್ಸ್, ಹೈವ್‌ಎಂಕ್ಯೂ ಕಮ್ಯುನಿಟಿ ಎಡಿಷನ್ ಮೂರನ್ನೂ ಪರೀಕ್ಷೆಗೆ ಇಳಿಸಿದೆ. ಬ್ರೋಕರ್‌ಗೆ ಒಂದು ಮಷೀನ್, ಲೋಡ್ ಹಾಕಲು ಇನ್ನೊಂದು. ಎಷ್ಟು ಕನೆಕ್ಷನ್ ತಡೆಯುತ್ತದೆ ನೋಡೋಣ ಎಂದು ಏರಿಸುತ್ತಾ ಹೋದೆ.

ಮೂರೂ 28,000 ದಾಟಿ ಸ್ವಲ್ಪಕ್ಕೆ ನಿಂತವು. ಒಂದು ಸಿ, ಒಂದು ಎರ್ಲಾಂಗ್, ಒಂದು ಜಾವಾ. ಮೂರಕ್ಕೂ ಒಂದೇ ಮಿತಿ ಹೇಗೆ ಬಂತು? ನನ್ನ ಪರೀಕ್ಷೆಯಲ್ಲೇ ತಪ್ಪಿದೆ ಅನ್ನಿಸುತ್ತಿದೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ.

ಪ್ಯಾಕೆಟ್‌ಪಯಣ

ನಿಮ್ಮ ಅನುಮಾನ ಸರಿ. ನಿಂತದ್ದು ಬ್ರೋಕರ್ ಅಲ್ಲ, ಲೋಡ್ ಹಾಕುವ ಮಷೀನು.

ಒಂದು ಐಪಿಯಿಂದ ಇನ್ನೊಂದು ಐಪಿಯ ಒಂದೇ ಪೋರ್ಟಿಗೆ ಹೋಗುವ ಪ್ರತಿ ಕನೆಕ್ಷನ್ನಿಗೂ ಈ ಕಡೆ ಬೇರೆ ಪೋರ್ಟ್ ಬೇಕು. ಲಿನಕ್ಸ್ ಅದಕ್ಕೆ ಕೊಡುವುದು 32768ರಿಂದ 60999ರವರೆಗೆ. ಲೆಕ್ಕ ಹಾಕಿ, 28,232 ಆಗುತ್ತದೆ. ನಿಮ್ಮ ಲೋಡ್ ಟೂಲಿನ ಲಾಗ್ ನೋಡಿ, "ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್" ಅನ್ನುವ ಎರರ್ ಸಾಲುಸಾಲಾಗಿ ಬಿದ್ದಿರುತ್ತದೆ.

ಪೋರ್ಟ್ ರೇಂಜನ್ನು 1024ರಿಂದ 65535ಕ್ಕೆ ಹಿಗ್ಗಿಸಿದರೆ ಒಂದು ಐಪಿಗೆ 64,512 ಸಿಗುತ್ತದೆ. ಅದಕ್ಕೂ ಜಾಸ್ತಿ ಬೇಕಾದರೆ ಲೋಡ್ ಮಷೀನಿಗೆ ಇನ್ನಷ್ಟು ಐಪಿ ಕೊಡಿ. ಇಎಂಕ್ಯೂಟಿಟಿ-ಬೆಂಚ್ ಟೂಲಿನಲ್ಲಿ ಯಾವ ಐಪಿಯಿಂದ ಹೊರಡಬೇಕು ಅಂತ ಹೇಳುವ ಆಯ್ಕೆ ಇದೆ.

ಇದಲ್ಲದೆ ಬೇರೆ ಗೋಡೆಗಳೂ ಇವೆ. ಒಂದು ಪ್ರೋಸೆಸ್ ಎಷ್ಟು ಫೈಲ್ ತೆರೆಯಬಹುದು ಅನ್ನುವ ಮಿತಿ ಸಾಮಾನ್ಯವಾಗಿ 1024 ಇರುತ್ತದೆ; 28,000 ದಾಟಿದ್ದೀರಿ ಅಂದರೆ ಆಗಲೇ ಏರಿಸಿರಬೇಕು, ಎರಡೂ ಕಡೆ ಸಾಕಷ್ಟಿದೆಯಾ ನೋಡಿಕೊಳ್ಳಿ. ಫೈರ್‌ವಾಲ್ ಇದ್ದರೆ ಕನೆಕ್ಷನ್‌ಗಳ ಲೆಕ್ಕ ಇಡುವ ಕಾನ್‌ಟ್ರ್ಯಾಕ್ ಟೇಬಲ್ ತುಂಬುತ್ತದೆ. ಇನ್ನೊಂದು, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಒಂದು ಬ್ರೋಕರ್‌ನ ಪರೀಕ್ಷೆ ಮುಗಿಸಿ ಲೋಡ್ ಟೂಲ್ ಎಲ್ಲ ಕನೆಕ್ಷನ್ ಮುಚ್ಚಿದ ಮೇಲೂ ಆ ಪೋರ್ಟ್‌ಗಳು 60 ಸೆಕೆಂಡ್ ಟೈಮ್-ವೇಟ್‌ನಲ್ಲಿ, ಅಂದರೆ ಮತ್ತೆ ಬಳಸಲು ಸಿಗದೆ, ಇರುತ್ತವೆ. ಅಷ್ಟರೊಳಗೆ ಅದೇ ಐಪಿ, ಅದೇ ಪೋರ್ಟಿನ ಮೇಲೆ ಎರಡನೇ ಬ್ರೋಕರ್‌ ಪರೀಕ್ಷೆ ಶುರು ಮಾಡಿದರೆ ಎರಡನೆಯದು ಸುಮ್ನೆ ಕೆಟ್ಟ ಹೆಸರು ತಗೊಳ್ಳುತ್ತೆ. ನಡುವೆ ಒಂದೆರಡು ನಿಮಿಷ ಬಿಡಿ.

ಹಳೇಸರ್ವರ್

ಪ್ಯಾಕೆಟ್‌ಪಯಣ ಹೇಳಿದ್ದು ಸರಿ. ಆದರೆ ನನಗೆ ಬೇರೆ ಪ್ರಶ್ನೆ ಇದೆ. ಇರುವುದು 12,000 ಮೀಟರ್. 28,000ದ ಆಚೆ ಏನಿದೆ ಅಂತ ನಿಮಗೆ ಯಾಕೆ ಬೇಕು?

ನಿಮ್ಮ ಲೋಡ್ ನೋಡೋಣ. 12,000 ಮೀಟರ್, 300 ಸೆಕೆಂಡಿಗೆ ಒಂದು. ಸರಾಸರಿ ಸೆಕೆಂಡಿಗೆ 40 ಮೆಸೇಜು. ಕೀಪ್ ಅಲೈವ್ (ಕನೆಕ್ಷನ್ ಜೀವಂತ ಇದೆ ಅಂತ ಮೀಟರ್ ಪಿಂಗ್ ಕಳಿಸುವ ಅಂತರ) 60 ಸೆಕೆಂಡ್ ಇಟ್ಟಿದ್ದರೆ ಸೆಕೆಂಡಿಗೆ ಸುಮಾರು 200 ಪಿಂಗ್ ಬರುತ್ತದೆ. ಅಂದರೆ ನಿಮ್ಮ ಬ್ರೋಕರ್ ರೀಡಿಂಗ್‌ಗಿಂತ ಐದು ಪಟ್ಟು ಪಿಂಗ್‌ಗೆ ಉತ್ತರ ಕೊಡುತ್ತಾ ಕೂತಿದೆ. ಇಷ್ಟಕ್ಕೆ ಮಸ್ಕಿಟೊದ ಒಂದು ಕೋರ್ ಕೂಡ ಬಿಸಿಯಾಗಲ್ಲ. ಟಾಪ್ (ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುವ ಕಮಾಂಡ್) ತೆಗೆದು ನೋಡಿದ್ದೀರಾ?

ಹಾಗಾಗಿ "ಮಸ್ಕಿಟೊ ತಾಳಲ್ಲ" ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೂರು ವಿಷಯ ಹೇಳಿ:

ಮೀಟರ್‌ಗಳು ರೀಡಿಂಗ್ ಕಳಿಸುವುದು ಯಾವಾಗ? ತಾವು ಆನ್ ಆದ ಹೊತ್ತಿನಿಂದ 5 ನಿಮಿಷವಾ, ಅಥವಾ ಗಡಿಯಾರ ನೋಡಿಕೊಂಡಾ?
ಬ್ರೋಕರ್‌ನಿಂದ ನಿಮ್ಮ ಡೇಟಾಬೇಸ್ ಸರ್ವಿಸಿಗೆ ಪಿಂಗ್ ಮಾಡಿದರೆ ಎಷ್ಟು ಮಿಲಿಸೆಕೆಂಡ್?
ಮಸ್ಕಿಟೊ ಕಾನ್ಫಿಗ್ ಫೈಲಿನಲ್ಲಿ ಕ್ಯೂ ಬಗ್ಗೆ ಏನಾದರೂ ಬರೆದಿದ್ದೀರಾ?

ಮೀಟರ್‌ಮನೆ

ಟಾಪ್ ಈಗ ನೋಡಿದೆ. ಮಸ್ಕಿಟೊ ಪಟ್ಟಿಯಲ್ಲಿ ಮೇಲೆ ಬರುವುದೇ ಇಲ್ಲ. ಇದನ್ನು ಮೊದಲೇ ನೋಡಬೇಕಿತ್ತು.

ಮೀಟರ್‌ಗಳು ಗಡಿಯಾರ ನೋಡಿಕೊಂಡೇ ಕಳಿಸುತ್ತವೆ. 00, 05, 10 ಹೀಗೆ. ವರದಿಯಲ್ಲಿ ಎಲ್ಲರ ರೀಡಿಂಗ್ ಒಂದೇ ಹೊತ್ತಿನದಿರಲಿ ಅಂತ ಹಾಗೆ ಮಾಡಿದ್ದು. ಅವುಗಳ ಗಡಿಯಾರ ಸ್ವಲ್ಪ ಹಿಂದೆ ಮುಂದೆ ಇರುವುದರಿಂದ ಒಟ್ಟು 25 ಸೆಕೆಂಡಿನಷ್ಟು ಹರಡಿಕೊಳ್ಳುತ್ತವೆ.

ಸರ್ವಿಸಿಗೆ ಹೋಗಿ ಬರಲು 50 ಮಿಲಿಸೆಕೆಂಡ್.

ಕ್ಯೂ ಬಗ್ಗೆ ಕಾನ್ಫಿಗ್‌ನಲ್ಲಿ ಏನೂ ಇಲ್ಲ. ಲಿಸನರ್, ಪಾಸ್‌ವರ್ಡ್ ಫೈಲ್, ಪರ್ಸಿಸ್ಟೆನ್ಸ್ (ಡಿಸ್ಕಿಗೆ ಉಳಿಸುವುದು) ಆನ್, ಅಷ್ಟೇ.

ಹಳೇಸರ್ವರ್

ಹಾಗಾದರೆ ನಿಮ್ಮ ರೀಡಿಂಗ್ ಎಲ್ಲಿ ಹೋಗುತ್ತಿದೆ ಅಂತ ಬಹುಶಃ ಇಲ್ಲೇ ಗೊತ್ತಾಗುತ್ತದೆ. ನಿಧಾನವಾಗಿ ನೋಡಿ.

ಕ್ಯೂಓಎಸ್ 1 ಅಂದರೆ ಬ್ರೋಕರ್ ನಿಮ್ಮ ಸರ್ವಿಸಿಗೆ ಮೆಸೇಜ್ ಕೊಟ್ಟು, ಪಬ್‌ಆಕ್ ಬರುವವರೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡಿರುತ್ತದೆ. ಒಂದೇ ಹೊತ್ತಿಗೆ ಎಷ್ಟು ಹಿಡಿದುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇದೆ. ಮಸ್ಕಿಟೊದಲ್ಲಿ ಮ್ಯಾಕ್ಸ್ ಇನ್‌ಫ್ಲೈಟ್ ಮೆಸೇಜಸ್, ಏನೂ ಬರೆಯದಿದ್ದರೆ 20.

ಹೋಗಿ ಬರಲು 50 ಮಿಲಿಸೆಕೆಂಡ್ ಅಂದರೆ ಸೆಕೆಂಡಿಗೆ 20 ಸುತ್ತು. ಸುತ್ತಿಗೆ 20 ಮೆಸೇಜು. ಸೆಕೆಂಡಿಗೆ 400. ಬ್ರೋಕರ್ ಎಷ್ಟೇ ವೇಗವಾಗಿರಲಿ, ಪ್ರೊಸೆಸರ್ ಎಷ್ಟೇ ದೊಡ್ಡದಿರಲಿ, ಆ ಒಂದು ಸರ್ವಿಸಿಗೆ ಸೆಕೆಂಡಿಗೆ 400ಕ್ಕಿಂತ ಹೆಚ್ಚು ಹೋಗುವುದಿಲ್ಲ.

ಈಗ ಒಳಗೆ ಬರುವುದು. 12,000 ಮೆಸೇಜು 25 ಸೆಕೆಂಡಿನಲ್ಲಿ. ಸೆಕೆಂಡಿಗೆ 480. ಒಳಗೆ 480, ಹೊರಗೆ 400, ಸೆಕೆಂಡಿಗೆ 80 ಉಳಿಯುತ್ತದೆ. ಉಳಿದದ್ದು ಕ್ಯೂನಲ್ಲಿ ಕೂರುತ್ತದೆ. ಆ ಕ್ಯೂನ ಮಿತಿ, ಮ್ಯಾಕ್ಸ್ ಕ್ಯೂಡ್ ಮೆಸೇಜಸ್, ಮಸ್ಕಿಟೊ 2ರಲ್ಲಿ 1000. ಹನ್ನೆರಡೂವರೆ ಸೆಕೆಂಡಿಗೆ ಭರ್ತಿ. ಉಳಿದ ಹನ್ನೆರಡೂವರೆ ಸೆಕೆಂಡಿನಲ್ಲಿ ಜಾಗ ಸಿಗದೆ ಬಿದ್ದುಹೋಗುವುದು ಸುಮಾರು 1,000 ರೀಡಿಂಗ್. ಯಾರ ಗಡಿಯಾರ ಹಿಂದಿದೆಯೋ ಅವರದು ಜಾಸ್ತಿ ಹೋಗುತ್ತದೆ.

ಎರಡು ಕಡೆ ನೋಡಿ. ಮಸ್ಕಿಟೊ ಲಾಗ್‌ನಲ್ಲಿ "ಔಟ್‌ಗೋಯಿಂಗ್ ಮೆಸೇಜಸ್ ಆರ್ ಬೀಯಿಂಗ್ ಡ್ರಾಪ್ಡ್" ಅಂತ ನಿಮ್ಮ ಸರ್ವಿಸಿನ ಹೆಸರಿನೊಂದಿಗೆ ಸಾಲು ಇದೆಯಾ? ಮತ್ತೆ ಬ್ರೋಕರ್ ತನ್ನದೇ ಅಂಕಿಅಂಶ ಪ್ರಕಟಿಸುವ ಡಾಲರ್-ಸಿಸ್ ಟಾಪಿಕ್‌ಗಳಲ್ಲಿ ಡ್ರಾಪ್ ಆದ ಮೆಸೇಜುಗಳ ಲೆಕ್ಕ ಇರುತ್ತದೆ. ಅದಕ್ಕೆ ಸಬ್‌ಸ್ಕ್ರೈಬ್ ಮಾಡಿ, ಗಡಿಯಾರ ನೋಡುತ್ತಾ 5 ನಿಮಿಷ ಕೂತುಕೊಳ್ಳಿ.

ಮೀಟರ್‌ಮನೆ

ಕೂತುಕೊಂಡೆ. 10:14ಕ್ಕೆ ಆ ಸಂಖ್ಯೆ ಅಲ್ಲಾಡದೆ ನಿಂತಿತ್ತು. 10:15 ಆಯಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದೇ ಸಲ ಜಿಗಿಯಿತು. ಇನ್ನೊಮ್ಮೆ ಜಿಗಿಯಿತು. ಅರ್ಧ ನಿಮಿಷದೊಳಗೆ ಮತ್ತೆ ನಿಂತಿತು. 10:20ಕ್ಕೂ ಅದೇ, 10:25ಕ್ಕೂ ಅದೇ.

ಲಾಗ್‌ನಲ್ಲಿ ನೀವು ಹೇಳಿದ ಸಾಲು ಇದೆ. ತಿಂಗಳುಗಳಿಂದ ಇದೆ. ಯಾರೂ ನೋಡಿರಲಿಲ್ಲ.

ಹಳೇಸರ್ವರ್ ಸರ್, ತುಂಬಾ ಧನ್ಯವಾದ. ಬ್ರೋಕರ್ ಬದಲಿಸಲು ಮೂರು ವಾರದ ಪ್ಲಾನ್ ಹಾಕಿ ಆಗಿತ್ತು.

ಕಲಿಕೆಹಾದಿ

ನಾನು ಎಂಕ್ಯೂಟಿಟಿಗೆ ಹೊಸಬಳು. ಒಂದು ಅರ್ಥವಾಗಲಿಲ್ಲ. ಮೀಟರ್‌ಗೆ ಪಬ್‌ಆಕ್ ಬಂದಿದೆ ಅಂದರೆ ಮೆಸೇಜ್ ತಲುಪಿದೆ ಅಂತ ತಾನೇ? ತಲುಪಿದ ಮೇಲೂ ಕಳೆದುಹೋಗಬಹುದಾದರೆ ಕ್ಯೂಓಎಸ್ 1ರಿಂದ ಏನು ಉಪಯೋಗ?

ಪ್ಯಾಕೆಟ್‌ಪಯಣ

> ಪಬ್‌ಆಕ್ ಬಂದಿದೆ ಅಂದರೆ ಮೆಸೇಜ್ ತಲುಪಿದೆ ಅಂತ ತಾನೇ?

ತಲುಪಿದೆ, ಆದರೆ ಬ್ರೋಕರ್‌ಗೆ ಮಾತ್ರ. ಮೀಟರ್‌ನಿಂದ ಬ್ರೋಕರ್‌ವರೆಗೆ ಒಂದು ಮಾತು, ಬ್ರೋಕರ್‌ನಿಂದ ಸರ್ವಿಸಿನವರೆಗೆ ಇನ್ನೊಂದು ಮಾತು. ಎರಡಕ್ಕೂ ಬೇರೆ ಬೇರೆ ಪಬ್‌ಆಕ್.

1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಕ್ಯೂಟಿಟಿಯನ್ನು ಮಾಡಿದ್ದು ತೈಲ ಪೈಪ್‌ಲೈನ್ ಮೇಲೆ ಕಣ್ಣಿಡಲು, ಸ್ಯಾಟಲೈಟ್ ಲಿಂಕ್ ಮೂಲಕ. ಅಲ್ಲಿ ಒಂದೊಂದು ಬೈಟಿಗೂ ಬೆಲೆ. ಹಾಗಾಗಿ ಅದರ 3.1.1 ಆವೃತ್ತಿಯಲ್ಲಿ ಪಬ್‌ಆಕ್ ಅಂದರೆ ಬರೀ 4 ಬೈಟ್. ಅದರಲ್ಲಿ ಪ್ಯಾಕೆಟ್ ನಂಬರ್ ಬಿಟ್ಟರೆ "ಮುಂದಿನವರಿಗೂ ಕೊಟ್ಟೆ" ಅಂತ ಹೇಳಲು ಜಾಗವೇ ಇಲ್ಲ.

ಇನ್ನೊಂದು ವಿಷಯ. ಮಸ್ಕಿಟೊ ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಪರ್ಸಿಸ್ಟೆನ್ಸ್ ಆನ್ ಮಾಡಿದರೂ ಡಿಸ್ಕಿಗೆ ಬರೆಯುವುದು 1800 ಸೆಕೆಂಡಿಗೊಮ್ಮೆ, ಅಂದರೆ ಅರ್ಧ ಗಂಟೆಗೊಮ್ಮೆ, ಮತ್ತು ಸರಿಯಾಗಿ ಸ್ಟಾಪ್ ಮಾಡಿದಾಗ. ನಡುವೆ ಕರೆಂಟ್ ಹೋದರೆ ಪಬ್‌ಆಕ್ ಕೊಟ್ಟ ಮೆಸೇಜೂ ಹೋಗುತ್ತದೆ. ಆಟೋಸೇವ್ ಇಂಟರ್ವಲ್ ಕಡಿಮೆ ಮಾಡಿಕೊಳ್ಳಬಹುದು.

ಎರ್ಲಾಂಗ್‌ಪ್ರಿಯೆ

ನಾನು ಇಎಂಕ್ಯೂಎಕ್ಸ್ ಮತ್ತು ವರ್ನ್‌ಎಂಕ್ಯೂ (ಇದೂ ಎರ್ಲಾಂಗಿನ ಬ್ರೋಕರೇ) ಎರಡನ್ನೂ ನಡೆಸಿದ್ದೇನೆ. ಮೀಟರ್‌ಮನೆ ಅವರೇ, ಒಂದು ಮಾತು ಹೇಳಲೇಬೇಕು.

ನೀವು ಆ ಮೂರು ವಾರ ಖರ್ಚು ಮಾಡಿ ಇಎಂಕ್ಯೂಎಕ್ಸ್‌ಗೆ ಹೋಗಿದ್ದರೆ ನಿಮ್ಮ ತೊಂದರೆ ಹೋಗಿಬಿಡುತ್ತಿತ್ತು. ಅದೇ ಅಪಾಯ. ಅಲ್ಲಿ ಕ್ಯೂ ಮಿತಿ ಇದೇ 1000, ಆದರೆ ಇನ್‌ಫ್ಲೈಟ್ 32. ನಿಮ್ಮ 50 ಮಿಲಿಸೆಕೆಂಡಿಗೆ 32 ಅಂದರೆ ಸೆಕೆಂಡಿಗೆ 640. ಒಳಗೆ ಬರುವುದು 480. ಒಂದೂ ಡ್ರಾಪ್ ಆಗುತ್ತಿರಲಿಲ್ಲ. "ನೋಡಿ, ಇಎಂಕ್ಯೂಎಕ್ಸ್ ವೇಗ, ಮಸ್ಕಿಟೊ ನಿಧಾನ" ಅಂತ ಎಲ್ಲರೂ ನಂಬಿಬಿಡುತ್ತಿದ್ದಿರಿ. ಮುಂದೆ ಯಾವತ್ತೋ ಲಿಂಕ್ 70 ಮಿಲಿಸೆಕೆಂಡಿಗೆ ಏರಿದಾಗ ವೇಗ 457ಕ್ಕೆ ಇಳಿದು ಕ್ಯೂ ಮತ್ತೆ ತುಂಬಲು ಶುರುವಾಗುತ್ತಿತ್ತು. ಮೀಟರ್‌ಗಳ ಗಡಿಯಾರ ಸರಿಮಾಡಿ 25 ಸೆಕೆಂಡನ್ನು 10 ಸೆಕೆಂಡಿಗೆ ತಂದಿದ್ದರಂತೂ ಒಳಗೆ ಬರುವುದು 1,200 ಆಗಿ, ಆವತ್ತೇ ಬೀಳುತ್ತಿತ್ತು.

ಹೋಲಿಕೆ ಅಂತ ಮಾಡುವಾಗ ನಾವು ಎಷ್ಟೋ ಸಲ ಹೋಲಿಸುವುದು 20ನ್ನೂ 32ನ್ನೂ. ಬ್ರೋಕರ್‌ಗಳನ್ನಲ್ಲ.

ಇನ್ನು ಇಎಂಕ್ಯೂಎಕ್ಸ್ ನಿಜವಾಗಿ ಗೆಲ್ಲುವುದು ಎಲ್ಲಿ? ಎಲ್ಲ ಕೋರ್ ಬಳಸುತ್ತದೆ. ಪ್ರತಿ ಕನೆಕ್ಷನ್ನಿಗೂ ಎರ್ಲಾಂಗಿನ ಪುಟ್ಟ ಪ್ರೋಸೆಸ್ ಇರುವುದರಿಂದ ಒಬ್ಬ ನಿಧಾನವಾದರೆ ಪಕ್ಕದವನಿಗೆ ಅಷ್ಟು ತಟ್ಟುವುದಿಲ್ಲ. ಹಲವು ಮಷೀನ್ ಸೇರಿಸಿ ಕ್ಲಸ್ಟರ್ ಮಾಡಬಹುದು. 5.0ರ ಹೊತ್ತಿಗೆ ಅವರು 23 ನೋಡ್‌ಗಳ ಕ್ಲಸ್ಟರಿನಲ್ಲಿ 10 ಕೋಟಿ ಕನೆಕ್ಷನ್ ತೋರಿಸಿದರು. ಅದು ದೊಡ್ಡ ಕೆಲಸ, ಆದರೆ 12,000 ಮೀಟರ್‌ಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಲೈಸೆನ್ಸ್ ನೋಡಿಕೊಳ್ಳಿ. 5.9ರಿಂದ ಇಎಂಕ್ಯೂಎಕ್ಸ್ ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ ಬದಲಾಗಿದೆ, ಕ್ಲಸ್ಟರ್ ಮಾಡಲು ಲೈಸೆನ್ಸ್ ಬೇಕು. ಹಳೇ ಲೇಖನಗಳಲ್ಲಿ ಅಪಾಚೆ 2.0 ಅಂತಲೇ ಇರುತ್ತದೆ. ವರ್ನ್‌ಎಂಕ್ಯೂ ಕೋಡ್ ಅಪಾಚೆ 2.0, ಕ್ಲಸ್ಟರ್ ಇದೆ, ಆದರೆ ಅವರು ಕೊಡುವ ರೆಡಿ ಪ್ಯಾಕೇಜಿಗೆ ಬೇರೆ ಷರತ್ತು ಇದೆ, ನೀವೇ ಬಿಲ್ಡ್ ಮಾಡಿಕೊಂಡರೆ ಆ ಚಿಂತೆ ಇಲ್ಲ. ಹೈವ್‌ಎಂಕ್ಯೂ ಕಮ್ಯುನಿಟಿ ಎಡಿಷನ್‌ನಲ್ಲಿ ಕ್ಲಸ್ಟರ್ ಇಲ್ಲ. ರ‍್ಯಾಬಿಟ್‌ಎಂಕ್ಯೂ 3.12ರಿಂದ ಎಂಕ್ಯೂಟಿಟಿಯನ್ನು ನೇರವಾಗಿ ನಿಭಾಯಿಸುತ್ತದೆ, ಮೆಮೊರಿ ತುಂಬಾ ಉಳಿಯುತ್ತದೆ, ಆದರೆ ಕ್ಯೂಓಎಸ್ 2 (ಸರಿಯಾಗಿ ಒಂದೇ ಸಲ ತಲುಪಿಸುವ ಮಟ್ಟ) ಇಲ್ಲ.

ಕಿರುಬೋರ್ಡ್

ಗೇಟ್‌ವೇ ಕಡೆಯಿಂದ ಒಂದು ಮಾತು. ಸಣ್ಣ ಬೋರ್ಡ್ ಮೇಲೆ ಬ್ರೋಕರ್ ಬೇಕಿದ್ದರೆ ಮಸ್ಕಿಟೊ ಅಥವಾ ನ್ಯಾನೋಎಂಕ್ಯೂ. ಎರಡೂ ಸಿ. ನ್ಯಾನೋಎಂಕ್ಯೂ ಹಲವು ಥ್ರೆಡ್ ಬಳಸುತ್ತದೆ, ಎಂಐಟಿ ಲೈಸೆನ್ಸ್. ನಾಲ್ಕು ಕೋರ್ ಬೋರ್ಡಿನಲ್ಲಿ ಹಂಚಿಕೊಳ್ಳುವುದು ಚೆನ್ನಾಗಿ ಕಾಣುತ್ತದೆ. ಆದರೆ ಬೋರ್ಡಿನಲ್ಲಿ ನನಗೆ ವೇಗಕ್ಕಿಂತ ಮುಖ್ಯವಾದದ್ದು ಫ್ಲಾಶ್ ಸವೆಯದಿರುವುದು. ಆಟೋಸೇವ್ ಕಡಿಮೆ ಮಾಡಿ ಅಂತ ಮೇಲೆ ಹೇಳಿದ್ದನ್ನು ಎಸ್‌ಡಿ ಕಾರ್ಡ್ ಮೇಲೆ ಮಾಡಬೇಡಿ.

ಮೀಟರ್‌ಮನೆ

ಹಾಗಾದರೆ ಈಗ ಏನು ಮಾಡಲಿ? ಇನ್‌ಫ್ಲೈಟನ್ನು 20ರಿಂದ 200ಕ್ಕೆ ಏರಿಸಿದರೆ ಮುಗಿಯಿತಾ?

ಹಳೇಸರ್ವರ್

ಇವತ್ತಿಗೆ ಮುಗಿಯುತ್ತದೆ. ನಾಳೆಗೆ ಇನ್ನೂ ನಾಲ್ಕು ಕೆಲಸ ಇದೆ.

ಮೊದಲನೆಯದು ಮೀಟರ್ ಕಡೆ. ರೀಡಿಂಗ್ ತೆಗೆಯುವ ಹೊತ್ತು ಬೇರೆ, ಕಳಿಸುವ ಹೊತ್ತು ಬೇರೆ ಮಾಡಿ. ಎಲ್ಲ ಮೀಟರ್‌ಗಳೂ 10:15ಕ್ಕೇ ರೀಡಿಂಗ್ ತೆಗೆಯಲಿ, ಆ ಸಮಯವನ್ನು ಮೆಸೇಜಿನೊಳಗೆ ಬರೆಯಲಿ. ಕಳಿಸುವುದನ್ನು ಮಾತ್ರ ಸೀರಿಯಲ್ ನಂಬರಿನ ಹ್ಯಾಶ್ ನೋಡಿ 0ರಿಂದ 299 ಸೆಕೆಂಡಿನೊಳಗೆ ಹರಡಿ. ನಿಮ್ಮ ವರದಿಯೂ ಕೆಡುವುದಿಲ್ಲ, ಪೀಕ್ 480ರಿಂದ 40ಕ್ಕೆ ಇಳಿಯುತ್ತದೆ. ಯಾವ ಬ್ರೋಕರ್ ಕೂಡ ಕೊಡಲಾಗದ ಲಾಭ ಇದು.

ಎರಡನೆಯದು ಕ್ಯೂ. ಪೀಕ್ ಸರಿಹೋದರೂ ಡೇಟಾಬೇಸ್ ಸರ್ವಿಸ್ ಒಂದು ದಿನ ಬೀಳುತ್ತದೆ ಅಲ್ವಾ? ಸೆಕೆಂಡಿಗೆ 40ರ ಲೆಕ್ಕದಲ್ಲಿ 1000ದ ಕ್ಯೂ 25 ಸೆಕೆಂಡಿಗೆ ತುಂಬುತ್ತದೆ. ಸರ್ವಿಸ್ ರೀಸ್ಟಾರ್ಟ್ ಆಗಲು ಅಷ್ಟು ಹೊತ್ತು ಬೇಕೇ ಬೇಕು. ಒಂದು ಗಂಟೆ ತಡೆಯಬೇಕಾದರೆ 1,44,000 ಮೆಸೇಜಿಗೆ ಜಾಗ ಬೇಕು. 200 ಬೈಟಿನ ಹಾಗೆ 29 ಎಂಬಿ, ಬ್ರೋಕರ್ ತನ್ನ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಸೇರಿ ಇನ್ನಷ್ಟು. ನಿಮ್ಮ ಮಷೀನಿಗೆ ಅದು ಏನೂ ಅಲ್ಲ. 2,00,000 ಇಡಿ. ಆದರೆ ಆ ಮಿತಿ ಪ್ರತಿ ಕ್ಲೈಂಟಿಗೂ ಅನ್ವಯಿಸುತ್ತದೆ. ಯಾರೋ ಟೆಸ್ಟಿಗೆ ಅಂತ ಪರ್ಸಿಸ್ಟೆಂಟ್ ಸೆಷನ್ (ಕನೆಕ್ಷನ್ ಹೋದರೂ ಕ್ಯೂ ಉಳಿಯುವ ಸೆಷನ್) ತೆರೆದು ಮರೆತುಬಿಟ್ಟರೆ ಅವರ ಕ್ಯೂ ಕೂಡ 2,00,000ದವರೆಗೆ ಬೆಳೆಯುತ್ತದೆ. ಹಾಗಾಗಿ ಅಂಥ ಸೆಷನ್‌ಗೆ ಅವಧಿ ಕಟ್ಟುವ ಪರ್ಸಿಸ್ಟೆಂಟ್ ಕ್ಲೈಂಟ್ ಎಕ್ಸ್‌ಪಿರೇಷನ್ ಕೂಡ ಹಾಕಿ.

ಸರ್ವಿಸ್ ಎಂಕ್ಯೂಟಿಟಿ 5ರಲ್ಲಿ ಕನೆಕ್ಟ್ ಆಗುತ್ತಿದ್ದರೆ ಸೆಷನ್ ಎಕ್ಸ್‌ಪೈರಿ ಹಾಕಿದ್ದೀರಾ ನೋಡಿ. ಹಾಕದಿದ್ದರೆ ಅದು 0. ಕ್ಲೀನ್ ಸ್ಟಾರ್ಟ್ (ಹಳೆ ಸೆಷನ್ ಅಳಿಸಿ ಹೊಸದಾಗಿ ಶುರು ಮಾಡುವುದು) ಆಫ್ ಇದ್ದರೂ ಕನೆಕ್ಷನ್ ಹೋದ ಕ್ಷಣಕ್ಕೆ ಸೆಷನ್ ಹೋಗುತ್ತದೆ, ಕ್ಯೂ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಇಲ್ಲ. 3.1.1ರಿಂದ 5ಕ್ಕೆ ಬಂದವರು ಇಲ್ಲಿ ತುಂಬಾ ಜನ ಎಡವಿದ್ದಾರೆ.

ಮೂರನೆಯದು ಸರ್ವಿಸಿನ ಒಳಗೆ. ಒಂದು ಮೆಸೇಜ್ ಬಂದಾಗ ಒಂದು ಸಾಲು ಬರೆದು, ಕಮಿಟ್ ಮಾಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದರೆ ಅದೇ ಇನ್ನೊಂದು ಮಿತಿ. ಒಂದು ಕಮಿಟ್ಟಿಗೆ 5 ಮಿಲಿಸೆಕೆಂಡ್ ಅಂದರೆ ಸೆಕೆಂಡಿಗೆ 200 ಅಷ್ಟೇ, ಇನ್‌ಫ್ಲೈಟ್ ಎಷ್ಟೇ ಏರಿಸಿ. ನೂರಿನ್ನೂರು ಸಾಲು ಒಟ್ಟುಮಾಡಿ ಬರೆಯಿರಿ. ಎರಡು ಮೂರು ಸರ್ವಿಸ್ ಓಡಿಸಿ, ಮೆಸೇಜುಗಳನ್ನು ಅವುಗಳ ನಡುವೆ ಹಂಚುವ ಶೇರ್ಡ್ ಸಬ್‌ಸ್ಕ್ರಿಪ್ಷನ್ ಕೂಡ ಮಾಡಬಹುದು, ಮಸ್ಕಿಟೊ 2ರಲ್ಲಿ ಅದು ಇದೆ.

ನಾಲ್ಕನೆಯದೇ ನನಗೆ ಹೆಚ್ಚು ಭಯ ಇರುವುದು. ಟಿಎಲ್‌ಎಸ್ (ಕನೆಕ್ಷನ್ನಿನ ಎನ್‌ಕ್ರಿಪ್ಷನ್) ಇದೆಯಾ?

ಮೀಟರ್‌ಮನೆ

ಇದೆ. ಪೋರ್ಟ್ 8883. ಆರ್‌ಎಸ್‌ಎ 2048 ಸರ್ಟಿಫಿಕೇಟ್. ಮೀಟರ್‌ಗಳು ಕನೆಕ್ಷನ್ ಹೋದರೆ 5 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸುತ್ತವೆ.

ಹಳೇಸರ್ವರ್

ಅಂದುಕೊಂಡೆ. ನಾನು ಅನುಭವಿಸಿದ್ದು ಹೇಳುತ್ತೇನೆ.

ಹಿಂದೆ ನಾನಿದ್ದ ಕಡೆ ಒಂದು ರಾತ್ರಿ ಪ್ಯಾಚ್ ಹಾಕಲು ಬ್ರೋಕರ್ ರೀಸ್ಟಾರ್ಟ್ ಮಾಡಿದೆವು. ಎರಡು ನಿಮಿಷದ ಕೆಲಸ ಅಂದುಕೊಂಡಿದ್ದು. ಮೇಲೆ ಬಂದ ಕೂಡಲೇ ಎಲ್ಲ ಡಿವೈಸ್‌ಗಳೂ ಒಟ್ಟಿಗೆ ಬಾಗಿಲಿಗೆ ಬಂದವು. ಸಿಪಿಯು 100. ಕನೆಕ್ಟ್ ಆದವರ ಸಂಖ್ಯೆ ಮಾತ್ರ ಏರುತ್ತಿಲ್ಲ. ಸ್ವಲ್ಪ ಏರುತ್ತೆ, ಮತ್ತೆ ಇಳಿಯುತ್ತೆ. ಸಿಪಿಯು ಅಷ್ಟು ಓಡುತ್ತಿದ್ದರೂ ಕೆಲಸ ಯಾಕೆ ಆಗುತ್ತಿಲ್ಲ ಅಂತ ಅರ್ಥವಾಗಲು ನಮಗೆ ಒಂದು ಗಂಟೆ ಬೇಕಾಯಿತು.

ಡಿವೈಸ್ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಿನಲ್ಲಿ ಕೀಲಿ ಹೊಂದಿಸಿಕೊಳ್ಳುವುದು) ಶುರು ಮಾಡಿ 10 ಸೆಕೆಂಡ್ ಕಾಯುತ್ತಿತ್ತು. ಬ್ರೋಕರ್ ಅದರ ಸರದಿಗೆ ಬರುವಷ್ಟರಲ್ಲಿ 10 ಸೆಕೆಂಡ್ ಮುಗಿದು ಡಿವೈಸ್ ಬಿಟ್ಟುಹೋಗಿರುತ್ತಿತ್ತು. ಬ್ರೋಕರ್ ಮಾತ್ರ ಹೋದವರ ಹ್ಯಾಂಡ್‌ಶೇಕನ್ನೇ ಲೆಕ್ಕ ಮಾಡುತ್ತಾ ಕೂತಿತ್ತು. ಅಷ್ಟರಲ್ಲಿ ಅದೇ ಡಿವೈಸ್ ಹೊಸದಾಗಿ ಬಂದು ಸಾಲಿನ ಹಿಂದೆ ನಿಂತಿರುತ್ತಿತ್ತು. ಕೊನೆಗೆ ಫೈರ್‌ವಾಲ್‌ನಲ್ಲಿ ಬಾಗಿಲು ಮುಚ್ಚಿ, ಕೆಲವು ನೂರು ಐಪಿಗಳನ್ನಷ್ಟೇ ಒಂದೊಂದು ಸಲ ಒಳಗೆ ಬಿಡುತ್ತಾ ಬೆಳಗಿನವರೆಗೆ ಕೂತೆವು. ಆ ಬ್ರೋಕರ್ ಸೆಕೆಂಡಿಗೆ ಎಷ್ಟು ಮೆಸೇಜ್ ತಳ್ಳುತ್ತದೆ ಅನ್ನುವ ಚಾರ್ಟ್ ನಮ್ಮ ಹತ್ತಿರ ಇತ್ತು. ಆ ರಾತ್ರಿ ಅದರಿಂದ ಏನೂ ಉಪಯೋಗ ಆಗಲಿಲ್ಲ.

ಹಾಗಾಗಿ ನೀವು ಬ್ರೋಕರ್‌ಗಳನ್ನು ಹೋಲಿಸಲೇಬೇಕು ಅಂತಿದ್ದರೆ ಇದನ್ನು ಹೋಲಿಸಿ: 12,000 ಕನೆಕ್ಷನ್ ಇರುವಾಗ ಬ್ರೋಕರ್ ರೀಸ್ಟಾರ್ಟ್ ಮಾಡಿ, ಎಲ್ಲರೂ ಮತ್ತೆ ಒಳಗೆ ಬರಲು ಎಷ್ಟು ಹೊತ್ತು? ಒಳಗೆ ಬಂದವರ ಮೆಸೇಜು ಆ ಹೊತ್ತಿನಲ್ಲಿ ಎಷ್ಟು ತಡವಾಗುತ್ತದೆ? ಇಲ್ಲಿ ಮಸ್ಕಿಟೊದ ಒಂದೇ ಥ್ರೆಡ್ ನಿಜವಾಗಿ ತೊಂದರೆ. ಹ್ಯಾಂಡ್‌ಶೇಕ್ ಲೆಕ್ಕವೂ ಅದೇ ಥ್ರೆಡ್, ಮೆಸೇಜ್ ಹಂಚುವುದೂ ಅದೇ ಥ್ರೆಡ್.

ಸರ್ಟಿಫಿಕೇಟನ್ನು ಇಸಿಡಿಎಸ್‌ಎ ಪಿ-256ಕ್ಕೆ ಬದಲಿಸಿ. ಸರ್ವರ್ ಕಡೆ ಸೈನ್ ಮಾಡುವ ಕೆಲಸ ಆರ್‌ಎಸ್‌ಎ 2048ಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಹಗುರ. ಓಪನ್‌ಎಸ್‌ಎಸ್‌ಎಲ್ ಸ್ಪೀಡ್ ಕಮಾಂಡ್ ನಿಮ್ಮದೇ ಮಷೀನ್ ಮೇಲೆ ಓಡಿಸಿ ನೋಡಿ, ಅರ್ಧ ನಿಮಿಷದ ಕೆಲಸ. ಮತ್ತೆ ಆ 5 ಸೆಕೆಂಡಿನ ಮರುಪ್ರಯತ್ನ ತೆಗೆದುಹಾಕಿ. ಪ್ರತಿ ಸೋಲಿಗೆ ಕಾಯುವ ಹೊತ್ತು ದುಪ್ಪಟ್ಟಾಗಲಿ, ಅದರ ಮೇಲೆ ಸ್ವಲ್ಪ ಯಾದೃಚ್ಛಿಕ ಅಂತರವೂ ಇರಲಿ. ಇಲ್ಲದಿದ್ದರೆ ಎಲ್ಲರೂ ಒಟ್ಟಿಗೇ ದುಪ್ಪಟ್ಟು ಕಾದು ಒಟ್ಟಿಗೇ ಬರುತ್ತಾರೆ.

ಪ್ಯಾಕೆಟ್‌ಪಯಣ

ಲೇಟೆನ್ಸಿ (ಮೆಸೇಜ್ ತಲುಪಲು ಹಿಡಿಯುವ ಹೊತ್ತು) ಅಳೆಯುವುದಾದರೆ ಮೂರು ಎಚ್ಚರಿಕೆ.

ಕಳಿಸುವವನೂ ಪಡೆಯುವವನೂ ಒಂದೇ ಮಷೀನಿನಲ್ಲಿರಲಿ, ಎರಡು ಮಷೀನಿನ ಗಡಿಯಾರ ಕಳೆದು ಬಂದ ಉತ್ತರವನ್ನು ನಂಬಬೇಡಿ.

ಗ್ರಾಫಿನಲ್ಲಿ 40 ಮಿಲಿಸೆಕೆಂಡ್ ಹತ್ತಿರ ಒಂದು ಗುಡ್ಡ ಕಂಡರೆ ಅದು ಬ್ರೋಕರ್ ನಿಧಾನ ಅಂತಲ್ಲ. ಸಣ್ಣ ಪ್ಯಾಕೆಟ್‌ಗಳನ್ನು ಒಟ್ಟುಮಾಡಲು ಕಾಯುವ ನೇಗಲ್ ಅಲ್ಗಾರಿದಮ್ ಮತ್ತು ತಡವಾಗಿ ಬರುವ ಟಿಸಿಪಿ ಆಕ್ ಎರಡೂ ಒಬ್ಬರಿಗೊಬ್ಬರು ಕಾಯುತ್ತಾ ಕೂತಿರುತ್ತವೆ. ನೇಗಲ್ ಅನ್ನು ಆಫ್ ಮಾಡುವ ಟಿಸಿಪಿ ನೋ-ಡಿಲೇ ಆನ್ ಮಾಡಿ, ಮಸ್ಕಿಟೊದಲ್ಲಿ ಅದಕ್ಕೆ ಆಯ್ಕೆ ಇದೆ.

ಮೂರನೆಯದು ಸೂಕ್ಷ್ಮ. ನಿಮ್ಮ ಲೋಡ್ ಟೂಲ್ ಪಬ್‌ಆಕ್ ಬರುವವರೆಗೆ ಮುಂದಿನ ಮೆಸೇಜ್ ಕಳಿಸದೆ ಕಾಯುತ್ತದಾ? ಹಾಗಿದ್ದರೆ ಬ್ರೋಕರ್ 2 ಸೆಕೆಂಡ್ ನಿಂತಾಗ ಟೂಲ್ ಕೂಡ 2 ಸೆಕೆಂಡ್ ನಿಲ್ಲುತ್ತದೆ. ಆ 2 ಸೆಕೆಂಡಿನಲ್ಲಿ ಹೋಗಬೇಕಿದ್ದ ನೂರಾರು ಮೆಸೇಜುಗಳ ತಡ ಲೆಕ್ಕಕ್ಕೇ ಬರಲ್ಲ, ಒಂದೇ ಒಂದು ಮೆಸೇಜ್ ತಡವಾದ ಹಾಗೆ ಕಾಣುತ್ತದೆ. ಗಿಲ್ ಟೆನೆ ಇದನ್ನು ಕೋಆರ್ಡಿನೇಟೆಡ್ ಒಮಿಷನ್ ಅಂತ ಕರೆದರು. ಮೆಸೇಜ್ ನಿಜಕ್ಕೂ ಹೊರಟ ಹೊತ್ತಿನಿಂದಲ್ಲ, ಹೊರಡಬೇಕಿದ್ದ ಹೊತ್ತಿನಿಂದ ಅಳೆಯಬೇಕು.

ಎರ್ಲಾಂಗ್‌ಪ್ರಿಯೆ

ಡಿಸ್ಕ್ ಕೂಡ ಸಮ ಮಾಡಿಕೊಳ್ಳಿ. ಹೈವ್‌ಎಂಕ್ಯೂ ಕಮ್ಯುನಿಟಿ ಎಡಿಷನ್ ಏನೂ ಹೇಳದಿದ್ದರೆ ಡಿಸ್ಕಿಗೆ ಬರೆಯುತ್ತದೆ. ಮಸ್ಕಿಟೊ ಅರ್ಧ ಗಂಟೆಗೊಮ್ಮೆ. ಇಎಂಕ್ಯೂಎಕ್ಸ್ ಡೀಫಾಲ್ಟ್ ಆಗಿ ಸೆಷನ್ನನ್ನು ಮೆಮೊರಿಯಲ್ಲೇ ಇಡುತ್ತದೆ. ಹಾಗೇ ಹೋಲಿಸಿದರೆ ಒಬ್ಬನ ತಲೆ ಮೇಲೆ ಮೂಟೆ ಹೊರಿಸಿ, ಇನ್ನಿಬ್ಬರನ್ನು ಬರಿಗೈಯಲ್ಲಿ ಓಡಿಸಿದ ಹಾಗೆ.

ಮೀಟರ್‌ಮನೆ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಬ್ರೋಕರ್ ಕಡೆ ಹೇಳಿದ್ದನ್ನೆಲ್ಲ ಮಾಡಿದೆ.

ಇನ್‌ಫ್ಲೈಟ್ 200, ಕ್ಯೂ 2,00,000 ಮಾಡಿದ ದಿನದಿಂದ ಡ್ರಾಪ್ ಸಂಖ್ಯೆ ಅಲ್ಲಾಡಿಲ್ಲ. ಸರ್ವಿಸನ್ನು ಬೇಕಂತಲೇ 20 ನಿಮಿಷ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಒಂದು ರೀಡಿಂಗೂ ಹೋಗಲಿಲ್ಲ. ಮೊದಲ ಸಲ ಮಾತ್ರ ಹೋಯಿತು, ಯಾಕೆಂದರೆ ಸೆಷನ್ ಎಕ್ಸ್‌ಪೈರಿ 0 ಇತ್ತು, ಹಳೇಸರ್ವರ್ ಸರ್ ಹೇಳಿದ ಹಾಗೇ.

ರೀಸ್ಟಾರ್ಟ್ ಪರೀಕ್ಷೆಯನ್ನು ಮಸ್ಕಿಟೊ ಮತ್ತು ಇಎಂಕ್ಯೂಎಕ್ಸ್ ಎರಡರ ಮೇಲೂ ಮಾಡಿದೆ. ಆರ್‌ಎಸ್‌ಎ, 5 ಸೆಕೆಂಡ್ ಮರುಪ್ರಯತ್ನ ಇರುವಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಇಎಂಕ್ಯೂಎಕ್ಸ್ ಎಂಟೂ ಕೋರ್ ಹಿಡಿದು ಬೇಗ ಮುಗಿಸಿತು. ಮಸ್ಕಿಟೊದಲ್ಲಿ ಒಂದು ಕೋರ್ 100ಕ್ಕೆ ಅಂಟಿಕೊಂಡಿತ್ತು, ಉಳಿದ ಏಳು ಖಾಲಿ. ಒಳಗೆ ಬಂದ ಮೀಟರ್‌ಗಳ ಮೆಸೇಜು ಆ ಹೊತ್ತಿನಲ್ಲಿ ಸೆಕೆಂಡುಗಟ್ಟಲೆ ತಡ. ಇಸಿಡಿಎಸ್‌ಎ ಹಾಕಿ, ಮರುಪ್ರಯತ್ನವನ್ನು ಹರಡಿದ ಮೇಲೆ ಎರಡೂ ಆರಾಮಾಗಿ ಮುಗಿಸಿದವು. ನಮ್ಮ ಸಂಖ್ಯೆಗೆ ವ್ಯತ್ಯಾಸ ಹುಡುಕಬೇಕಾಯಿತು.

ಹಾಗಾಗಿ ಮಸ್ಕಿಟೊದಲ್ಲೇ ಉಳಿಯುತ್ತಿದ್ದೇವೆ. ಮೀಟರ್‌ಗಳು 12,000ದಿಂದ ತುಂಬಾ ಏರಿದರೆ ಆಗ ಮತ್ತೆ ಕೂತು ನೋಡುತ್ತೇವೆ.

ಒಂದು ಕೇಳುವುದಿದೆ. ಬ್ರೋಕರ್‌ನ ಮುಂದೆ ಎಚ್‌ಎಪ್ರಾಕ್ಸಿ (ಕನೆಕ್ಷನ್ ತಾನು ಪಡೆದು ಒಳಗೆ ದಾಟಿಸುವ ಪ್ರಾಕ್ಸಿ) ಇಟ್ಟು ಟಿಎಲ್‌ಎಸ್ ಅಲ್ಲೇ ಬಿಚ್ಚಿದರೆ ಎಲ್ಲ ಕೋರ್ ಬಳಕೆಯಾಗುತ್ತದೆ ಅಂತ ಟೀಮಿನಲ್ಲಿ ಒಬ್ಬರು ಹೇಳಿದರು. ಮಾಡಬಹುದಾ?

ಪ್ಯಾಕೆಟ್‌ಪಯಣ

ಮಾಡಬಹುದು, ಒಳ್ಳೆಯ ದಾರಿಯೇ. ಎಚ್‌ಎಪ್ರಾಕ್ಸಿ 2.4ರಿಂದ ಎಂಕ್ಯೂಟಿಟಿಯ ಕನೆಕ್ಟ್ ಪ್ಯಾಕೆಟನ್ನು ಓದಿ ನೋಡಲೂ ಬಲ್ಲದು, ತಪ್ಪು ಪ್ಯಾಕೆಟನ್ನು ಬಾಗಿಲಲ್ಲೇ ತಿರುಗಿಸಬಹುದು.

ಎರಡು ವಿಷಯ ಗಮನದಲ್ಲಿರಲಿ. ಪ್ರಾಕ್ಸಿಯಿಂದ ಮಸ್ಕಿಟೊಗೆ ಹೋಗುವ ಕನೆಕ್ಷನ್‌ಗಳೆಲ್ಲ ಒಂದೇ ಐಪಿಯಿಂದ ಹೊರಡುತ್ತವೆ. ಅಲ್ಲೂ ಅದೇ 28,232. ನಿಮಗೆ ಈಗ ಸಾಕು, ಮೀಟರ್ ಏರಿಸುವಾಗ ನೆನಪಿರಲಿ. ಎರಡನೆಯದು, ಕ್ಲೈಂಟ್ ಸರ್ಟಿಫಿಕೇಟಿನಿಂದ ಮೀಟರನ್ನು ಗುರುತಿಸುತ್ತಿದ್ದರೆ ಟಿಎಲ್‌ಎಸ್ ಪ್ರಾಕ್ಸಿಯಲ್ಲೇ ಮುಗಿದು ಮಸ್ಕಿಟೊಗೆ ಅದು ಕಾಣುವುದಿಲ್ಲ. ನೀವು ಪಾಸ್‌ವರ್ಡ್ ಫೈಲ್ ಬಳಸುತ್ತಿದ್ದೀರಿ ಅಂತ ಮೇಲೆ ಬರೆದಿದ್ದೀರಿ, ಹಾಗಾಗಿ ನಿಮಗೆ ಇದು ಅಡ್ಡಿಯಾಗಲ್ಲ.

ಮೀಟರ್‌ಮನೆ

ಸರಿ, ಪಾಸ್‌ವರ್ಡೇ ಇರುವುದು. ಹೊಸ ಫರ್ಮ್‌ವೇರ್ ಮೊದಲು 200 ಮೀಟರ್‌ಗೆ ಹೋಗುತ್ತಿದೆ. ಅವುಗಳ ರೀಡಿಂಗ್ 5 ನಿಮಿಷದೊಳಗೆ ಸಮನಾಗಿ ಹರಡುತ್ತದಾ ಅಂತ ನೋಡಿಕೊಂಡು ಉಳಿದ 11,800ಕ್ಕೆ ಬಿಡುತ್ತೇನೆ. ಡ್ರಾಪ್ ಸಂಖ್ಯೆಗೆ ಅಲಾರಂ ಕೂಡ ಹಾಕಿದ್ದೇನೆ, ಒಂದು ಏರಿದರೂ ನನ್ನ ಫೋನ್ ಹೊಡೆದುಕೊಳ್ಳುತ್ತದೆ.